ಸತ್ತವರ ಕೊನೆಯ ಫೋಟೊ ಯಾರ ಕೈಯಲ್ಲಿ?

2018ರ ನವೆಂಬರ್ 24, ಶನಿವಾರ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿತ್ತು. 30 ಜನ ಸತ್ತರು. ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮಾರನೇ ದಿನ ಅವರ ದೇಹವನ್ನು ಮಂಡ್ಯಕ್ಕೆ ತಂದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಇಟ್ಟರು.

ಒಂದೇ ಜಿಲ್ಲೆ, ಎರಡೇ ದಿನ, ಸಾವಿನ ಎರಡು ಥರದ ಚಿತ್ರ. ಅಂಬರೀಷ್ ಅವರದ್ದು ಹೂವಿನ ನಡುವೆ ಕಂಡ ಮುಖ. ಪಕ್ಕದಲ್ಲಿ ಹೆಂಡತಿ, ಮಗ. ಹೊರಡುವಾಗ ಹಣೆಗೆ ಮಂಡ್ಯದ ಮಣ್ಣು. ಏನು ತೋರಿಸಬೇಕು, ಎಷ್ಟು ಹೊತ್ತು ತೋರಿಸಬೇಕು ಎಂಬುದರಲ್ಲಿ ಮನೆಯವರ ಮಾತು ನಡೆದಿತ್ತು. ನಾಲೆಯಿಂದ ಎತ್ತಿದವರದ್ದು ಹಾಗಲ್ಲ. ಏರಿ ಮೇಲೆ ಒದ್ದೆ ಬಟ್ಟೆಯಲ್ಲಿ ಮಲಗಿಸಿದ್ದ ದೇಹಗಳ ಫೋಟೊ ಊರೂರಿನ ಮೊಬೈಲ್‌ಗಳಲ್ಲಿ ಓಡಾಡಿತು. ಅವರ ಮನೆಯವರನ್ನು ಯಾರು ಕೇಳಿದ್ದರು?

ಅಪಘಾತ, ಕೊಲೆಯ ಫೋಟೊ ಹಾಕಬೇಕೋ ಬೇಡವೋ ಎಂಬ ಚರ್ಚೆ ಬಂದಾಗಲೆಲ್ಲ ಮಾತು "ರಕ್ತ ಕಾಣುತ್ತಾ, ಕಾಣಲ್ವಾ" ಅನ್ನುವುದರ ಸುತ್ತಲೇ ತಿರುಗುತ್ತದೆ. ನನಗೆ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ. ಸತ್ತವರನ್ನು ಊರು ಕೊನೆಯದಾಗಿ ಹೇಗೆ ನೋಡಬೇಕು ಅಂತ ಹೇಳುವ ಹಕ್ಕು ಯಾರಿಗಿದೆ? ಸದ್ಯಕ್ಕಂತೂ ಅದು ಮೊದಲು ಮೊಬೈಲ್ ಎತ್ತಿದವನ ಕೈಯಲ್ಲಿದೆ.

ಹೀಗಂದರೆ ಕೆಲವರು ಹೇಳುವುದುಂಟು: ನಮ್ಮ ಕಡೆ ಹೆಣ ನೋಡೋದು ಹೊಸದೇನಲ್ಲವಲ್ಲ? ನಿಜ. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಸಾವು ಬಾಗಿಲು ಹಾಕಿಕೊಂಡು ನಡೆಯುವ ವಿಷಯವಲ್ಲ. ಮನೆ ಮುಂದೆ ಪೆಂಡಾಲು ಬೀಳುತ್ತದೆ, ತಮಟೆ ಸದ್ದು ಕೇಳುತ್ತದೆ, ನೆಂಟರು ಹಾರ ಹಿಡಿದು ಬರುತ್ತಾರೆ. ಮಕ್ಕಳೂ ನೋಡುತ್ತಾರೆ. "ಸಾವಿಗೆ ಹೋಗಿದ್ದೆ, ಮುಖ ನೋಡ್ಕೊಂಡು ಬಂದೆ" ಅನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು.

ಆದರೆ ಜನ ಬರುವ ಮೊದಲು ಏನು ನಡೆದಿರುತ್ತದೆ ನೋಡಿ. ಮೈ ತೊಳೆದಿರುತ್ತಾರೆ. ಬಾಯಿ ತೆರೆದುಕೊಳ್ಳದಂತೆ ದವಡೆಗೆ ಬಟ್ಟೆ ಕಟ್ಟಿರುತ್ತಾರೆ. ಕಣ್ಣು ಮುಚ್ಚಿರುತ್ತಾರೆ. ಹಣೆಗೆ ಕಾಸು ಅಂಟಿಸಿ, ಹೊಸ ಬಟ್ಟೆ ಹೊದಿಸಿರುತ್ತಾರೆ. ಗಾಯವಿದ್ದರೆ ಅದು ಹೂವಿನ ಕೆಳಗೆ ಹೋಗಿರುತ್ತದೆ. ಮುತ್ತೈದೆಯಾದರೆ ಅರಿಶಿನ ಕುಂಕುಮ, ಬಳೆ. ಇಷ್ಟಾದ ಮೇಲೆ ಊರಿಗೆ ಮುಖ. ಬಂದವರೂ ಎರಡು ನಿಮಿಷ ನಿಂತು, ಕೈ ಮುಗಿದು, ಆಚೆ ಬರುತ್ತಾರೆ. ಯಾರೂ ಬಗ್ಗಿ ಬಟ್ಟೆ ಸರಿಸಿ ನೋಡುವುದಿಲ್ಲ. ನೋಡಿದರೆ ಹಿರಿಯರು ಸುಮ್ಮನಿರುವುದಿಲ್ಲ.

ಆಮೇಲೆ ಫ್ಲೆಕ್ಸ್. ನಮ್ಮ ಕಡೆಯ ಸರ್ಕಲ್‌ಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಎಷ್ಟಿರುತ್ತವೋ ಶ್ರದ್ಧಾಂಜಲಿಯದ್ದೂ ಅಷ್ಟೇ. ಸತ್ತ ಕೆಲವೇ ಗಂಟೆಯಲ್ಲಿ ಮನೆಯವರೋ ಗೆಳೆಯರೋ ಕೂತು ಒಂದು ಫೋಟೊ ಹುಡುಕುತ್ತಾರೆ. ಯಾವುದೋ ಮದುವೆಯಲ್ಲಿ ತೆಗೆದದ್ದು, ಇಲ್ಲವೇ ಬೈಕ್ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತದ್ದು. "ಇದ್ ಬೇಡ ಕಣ್ಲಾ, ಆ ನೀಲಿ ಶರ್ಟಿಂದು ಹಾಕು" ಅಂತ ಒಂದು ಮಾತು ಬಂದೇ ಬರುತ್ತದೆ. ವರ್ಷ ಕಳೆದ ಮೇಲೆ ಪುಣ್ಯಸ್ಮರಣೆಯ ಜಾಹೀರಾತಿಗೂ ಅದೇ ಫೋಟೊ. ಫ್ಲೆಕ್ಸ್ ಹಾವಳಿಯ ಬಗ್ಗೆ ನನಗೂ ಸಿಟ್ಟಿದೆ. ಆದರೆ ಆ ಫೋಟೊ ಆರಿಸುವ ಹತ್ತು ನಿಮಿಷ ಆ ಮನೆಗೆ ಬಹಳ ದೊಡ್ಡದು. ಹೆದ್ದಾರಿಯಲ್ಲಿ ಬಿದ್ದ ದೇಹದ ಫೋಟೊ ಅಷ್ಟರೊಳಗೇ ಊರೆಲ್ಲ ಸುತ್ತಿದ್ದರೆ, ಮನೆಯವರು ಆರಿಸುವುದಕ್ಕೆ ಉಳಿಯುವುದೇನು?

ಆ ಫೋಟೊ ಹೇಗೆ ಹೊರಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಪ್ಪೆಲ್ಲ ಟಿವಿಯವರದ್ದು ಅಂತ ಹೇಳಿಬಿಡುವುದು ಸುಲಭ. ದಾರಿ ಅಷ್ಟು ನೇರ ಇಲ್ಲ.

ಮದ್ದೂರಿನ ಗೆಜ್ಜಲಗೆರೆಯೋ ಶ್ರೀರಂಗಪಟ್ಟಣದ ಗಣಂಗೂರೋ, ಹೆದ್ದಾರಿಯಲ್ಲಿ ಎಲ್ಲೋ ಒಂದು ಕಡೆ ಅಪಘಾತವಾಯಿತು ಅಂದುಕೊಳ್ಳಿ. 108ಕ್ಕೆ ಫೋನ್ ಹೋಗುವ ಹೊತ್ತಿಗೇ ಮೂರ್ನಾಲ್ಕು ಮೊಬೈಲ್ ಮೇಲೆದ್ದಿರುತ್ತವೆ. ಎಲ್ಲರೂ ಕೆಟ್ಟವರಲ್ಲ. ಕೆಲವರು ಗಾಡಿ ನಂಬರ್ ಸಿಗಲಿ ಅಂತ, ಗುರುತಿನವರಿಗೆ ಬೇಗ ಗೊತ್ತಾಗಲಿ ಅಂತ ತೆಗೆಯುತ್ತಾರೆ. ಅದು ಮೊದಲು ಹೋಗುವುದು ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ. ಅಲ್ಲಿಂದ ತಾಲ್ಲೂಕು ಮಟ್ಟದ ಸುದ್ದಿ ಗ್ರೂಪಿಗೆ. ಆ ಗ್ರೂಪಿನಲ್ಲಿ ವರದಿಗಾರರಿರುತ್ತಾರೆ, ಪೊಲೀಸರಿರುತ್ತಾರೆ, ಆಂಬುಲೆನ್ಸ್ ಓಡಿಸುವವರಿರುತ್ತಾರೆ, ಎಲ್ಲ ಪಕ್ಷದ ಮರಿ ಲೀಡರ್‌ಗಳೂ ಇರುತ್ತಾರೆ.

ತಾಲ್ಲೂಕು ವರದಿಗಾರ ಅಂದರೆ ಬಹಳಷ್ಟು ಸಲ ಸ್ಟ್ರಿಂಗರ್. ತಿಂಗಳ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಕಾಸು. ಬೆಂಗಳೂರಿನ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ "ಎಷ್ಟು ಜನ?" ಎರಡನೆಯದು "ವಿಷುವಲ್ಸ್ ಇದೆಯಾ?" ಅವನು ಸ್ಥಳಕ್ಕೆ ತಲುಪಿರುವುದೇ ಇಲ್ಲ. ಗ್ರೂಪಿನಲ್ಲಿ ಬಂದದ್ದನ್ನೇ ತಳ್ಳುತ್ತಾನೆ. ತಳ್ಳದಿದ್ದರೆ ಐದು ನಿಮಿಷಕ್ಕೆ ಮತ್ತೆ ಫೋನ್: "ಆ ಚಾನೆಲ್‌ನಲ್ಲಿ ಬರ್ತಾ ಇದೆ, ನಮಗೆ ಯಾಕೆ ಬಂದಿಲ್ಲ?" ಅವನ ಜಾಗದಲ್ಲಿ ಕೂತು ನೋಡಿದರೆ ನೀತಿಯ ಪಾಠ ಹೇಳುವುದು ಕಷ್ಟ. ಆ ಫೋಟೊ ತೆರೆಗೆ ಹೋಗಬೇಕಾ ಅಂತ ನಿರ್ಧರಿಸುವ ಅಧಿಕಾರ ಅವನಿಗಿಲ್ಲ. ಅಧಿಕಾರ ಇರುವವರು ಎಸಿ ರೂಮಿನಲ್ಲಿ, ಆರು ಚಾನೆಲ್‌ಗಳ ಪರದೆ ಎದುರಿಗೆ ಕೂತಿರುತ್ತಾರೆ.

ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿ 9ರಂದು ಟಿವಿ ಚಾನೆಲ್‌ಗಳಿಗೆ ಕೊಟ್ಟ ಸೂಚನೆಯಲ್ಲಿ ಹಿಡಿದದ್ದೂ ಇದನ್ನೇ. ಕ್ರಿಕೆಟಿಗ ರಿಷಭ್ ಪಂತ್ ಕಾರು ಅಪಘಾತದ ದೃಶ್ಯಗಳನ್ನು ಚಾನೆಲ್‌ಗಳು ತೋರಿಸಿದ ಕೆಲವೇ ದಿನಗಳಲ್ಲಿ ಬಂದ ಸೂಚನೆ ಅದು. ಸೋಷಿಯಲ್ ಮೀಡಿಯಾದಿಂದ ಎತ್ತಿದ ವಿಡಿಯೊಗಳನ್ನು ಎಡಿಟ್ ಕೂಡ ಮಾಡದೆ ಹಾಕುತ್ತಿದ್ದೀರಿ, ರಕ್ತಸಿಕ್ತ ದೇಹಗಳನ್ನು ಹತ್ತಿರದಿಂದ ತೋರಿಸುತ್ತಿದ್ದೀರಿ, ಇದು 1995ರ ಕೇಬಲ್ ಟಿವಿ ಕಾಯ್ದೆಯಡಿ ಇರುವ ಕಾರ್ಯಕ್ರಮ ಸಂಹಿತೆಗೆ ವಿರುದ್ಧ ಅಂತ ಅದು ಹೇಳಿತು. ಸೂಚನೆ ಬಂತು, ಎರಡು ದಿನ ಸುದ್ದಿಯಾಯಿತು. ಆಮೇಲೆ ಸಿಸಿಟಿವಿ ತುಣುಕುಗಳು ಮೊದಲಿನಂತೆಯೇ ಓಡಿದವು. ಬಿದ್ದ ಕ್ಷಣವನ್ನು ನಿಧಾನಗತಿಯಲ್ಲಿ, ಕೆಂಪು ಸುತ್ತು ಹಾಕಿ, ಹಿನ್ನೆಲೆಗೆ ಸಂಗೀತ ಕೊಟ್ಟು ಮತ್ತೆ ಮತ್ತೆ ತೋರಿಸುವುದು ಯಾವ ಮಾಹಿತಿಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಟಿವಿಯ ಮುಂದಿನ ಮನೆ ಯೂಟ್ಯೂಬ್. ಮೊಬೈಲ್ ಒಂದಿದ್ದರೆ ಚಾನೆಲ್ ಶುರು. ಹೋಬಳಿಗೊಂದು ಇದ್ದರೂ ಆಶ್ಚರ್ಯವಿಲ್ಲ. ಇಲ್ಲಿ ಒಂದು ತಮಾಷೆ ಇದೆ. ಭೀಕರ ದೃಶ್ಯ ಇರುವ ವಿಡಿಯೊಗೆ ಯೂಟ್ಯೂಬ್ ಜಾಹೀರಾತು ಕಡಿಮೆ ಮಾಡುತ್ತದೆ, ವಯಸ್ಸಿನ ಮಿತಿಯನ್ನೂ ಹಾಕುತ್ತದೆ. ಅಂದರೆ ಆ ವಿಡಿಯೊದಿಂದ ನೇರವಾಗಿ ಬರುವ ದುಡ್ಡು ಜಾಸ್ತಿ ಏನಿಲ್ಲ. ಆದರೂ ಹಾಕುತ್ತಾರೆ. ಅದರಿಂದ ಚಂದಾದಾರರು ಹೆಚ್ಚುತ್ತಾರೆ, ಊರಲ್ಲಿ ಹೆಸರಾಗುತ್ತದೆ, ನಾಳೆ ಯಾವುದೋ ಅಂಗಡಿ ಉದ್ಘಾಟನೆಗೆ ಕರೆ ಬರುತ್ತದೆ.

ಇನ್ನು ವಾಟ್ಸ್ಆ್ಯಪ್. ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸಬಹುದು ಎಂಬ ಮಿತಿ 2020ರ ಏಪ್ರಿಲ್‌ನಲ್ಲೇ ಬಂತು. ಆದರೆ ಅಪಘಾತದ ಫೋಟೊಗೆ ಅಷ್ಟು ದೂರ ಓಡುವ ಅಗತ್ಯವೇ ಇಲ್ಲ. ಸತ್ತವನ ಊರಿಗೆ ಎರಡು ಕೈ ದಾಟಿದರೆ ಸಾಕು. ಠಾಣೆಯಿಂದ ಫೋನ್ ಬರುವ ಮೊದಲೇ ತಮ್ಮನ ಮೊಬೈಲಿಗೆ ಫೋಟೊ ಬಂದಿರುತ್ತದೆ. ಮುಖ ಸರಿಯಾಗಿ ಕಾಣದಿದ್ದರೂ ಶರ್ಟು ಗೊತ್ತಾಗುತ್ತದೆ, ಬೆಳಗ್ಗೆ ಹಾಕಿಕೊಂಡು ಹೋದ ಚಪ್ಪಲಿ ಗೊತ್ತಾಗುತ್ತದೆ. ಅಮ್ಮನಿಗೆ ಹೇಗೆ ಹೇಳಬೇಕು ಅಂತ ಮನೆಯವರು ಹಿತ್ತಲಲ್ಲಿ ನಿಂತು ಮಾತಾಡುತ್ತಿರುವಾಗ ಪಕ್ಕದ ಮನೆಯ ಹುಡುಗ ಅವಳ ಮುಂದೆಯೇ ಮೊಬೈಲ್ ಹಿಡಿದಿರುತ್ತಾನೆ.

"ಮುಖ ಬ್ಲರ್ ಮಾಡಿದ್ದೀವಲ್ಲ" ಅನ್ನುವ ಉತ್ತರ ಇಲ್ಲೇ ಬಿದ್ದುಹೋಗುತ್ತದೆ. ಗೊತ್ತಿಲ್ಲದವರಿಗೆ ಬ್ಲರ್ ಸಾಕು. ಗೊತ್ತಿರುವವರಿಗೆ ಸೀರೆಯ ಅಂಚೇ ಸಾಕು. ನಮ್ಮ ಊರುಗಳಲ್ಲಿ ಗೊತ್ತಿರುವವರೇ ಜಾಸ್ತಿ. ಅದೂ ಅಲ್ಲದೆ, ಮುಖ ಮಸುಕು ಮಾಡಿ ಕೆಳಗೆ ಹೆಸರು, ವಯಸ್ಸು, ಊರು, ಅಪ್ಪನ ಹೆಸರು ಎಲ್ಲ ಬರೆದರೆ ಆ ಬ್ಲರ್ ಯಾರನ್ನು ಕಾಪಾಡಿತು? ನೋಡುವವರಿಗೆ ಸ್ವಲ್ಪ ಮುಜುಗರ ಕಡಿಮೆಯಾಯಿತು, ಅಷ್ಟೇ.

ಈಗ ಎದುರಿನವರ ವಾದಕ್ಕೆ ಬರೋಣ. ಅದರಲ್ಲಿ ಬಲವಾದದ್ದು ಒಂದಿದೆ: ನೋಡಿಯಾದರೂ ಜನಕ್ಕೆ ಬುದ್ಧಿ ಬರಲಿ. ಹೆಲ್ಮೆಟ್ ಹಾಕದವನ ತಲೆ ಏನಾಗುತ್ತದೆ ಅಂತ ಕಂಡರೆ ನಾಳೆ ಹಾಕಿಕೊಳ್ಳುತ್ತಾರೆ. ಪೊಲೀಸರೇ ಜಾಗೃತಿಗೆ ಅಂತ ಸಿಸಿಟಿವಿ ತುಣುಕು ಹಂಚುವುದುಂಟು. ಇದನ್ನು ನಾನು ಸುಮ್ಮನೆ ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಕಣ್ಣೆದುರಿಗೇ ಇರುವ ಎರಡು ಜಾಗದಲ್ಲಿ ಇದು ನಿಲ್ಲುತ್ತದಾ ನೋಡೋಣ.

ಮೊದಲನೆಯದು ಬೆಂಗಳೂರು–ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟಿಸಿದರು. ಆಮೇಲಿನ ತಿಂಗಳುಗಳಲ್ಲಿ ದಿನ ಬೆಳಗಾದರೆ ಅಪಘಾತ. ಜಖಂ ಆದ ಕಾರು, ರಸ್ತೆಯಲ್ಲಿ ಬಿದ್ದ ದೇಹ, ಇವುಗಳ ಫೋಟೊಗೆ ಬರವೇ ಇರಲಿಲ್ಲ. ನೋಡಿ ಬುದ್ಧಿ ಕಲಿಯುವುದಾಗಿದ್ದರೆ ಆ ಬೇಸಿಗೆಯಲ್ಲೇ ಕಲಿತುಬಿಡಬೇಕಿತ್ತು. ಸಾವು ಇಳಿದದ್ದು ಬೇರೆ ಕಾರಣಕ್ಕೆ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಕ್ಯಾಮೆರಾ ಹಾಕಿದರು, ನೂರರ ಮೇಲೆ ಓಡಿಸಿದವರ ಮನೆಗೆ ದಂಡದ ನೋಟಿಸ್ ಕಳಿಸಿದರು. ಜನ ಬ್ರೇಕ್ ಒತ್ತಿದ್ದು ಹೆಣದ ಫೋಟೊ ನೋಡಿ ಅಲ್ಲ, ಕ್ಯಾಮೆರಾ ಕಂಬ ನೋಡಿ.

ಎರಡನೆಯದು ವಿ.ಸಿ. ನಾಲೆ. 2018ರಲ್ಲಿ 30 ಜನ ಸತ್ತ ಮೇಲೂ ಅದೇ ನಾಲೆಗೆ ಗಾಡಿಗಳು ಬೀಳುವುದು ನಿಲ್ಲಲಿಲ್ಲ. 2023ರಲ್ಲಿ ಕಾರುಗಳು ಬಿದ್ದವು. 2025ರ ಫೆಬ್ರುವರಿಯಲ್ಲೂ ಒಂದು ಬಿತ್ತು. ಪ್ರತಿ ಸಲ ಒಂದೇ ಕಥೆ. ರಸ್ತೆಯ ಅಂಚು, ಪಕ್ಕದಲ್ಲೇ ತುಂಬಿ ಹರಿಯುವ ನೀರು, ನಡುವೆ ತಡೆಗೋಡೆ ಇಲ್ಲ. ಪ್ರತಿ ಸಲವೂ ಸುದ್ದಿಯಲ್ಲಿ ಬಂದ ದೃಶ್ಯ ಯಾವುದು? ಕ್ರೇನ್ ಮೇಲೆತ್ತುವ ಕಾರು, ಅದರಿಂದ ಇಳಿಸುವ ದೇಹ, ಎದೆ ಬಡಿದುಕೊಳ್ಳುವ ಹೆಂಗಸರು. ತಡೆಗೋಡೆ ಇಲ್ಲದ ಏರಿಯ ಚಿತ್ರ ಒಳಪುಟದಲ್ಲಿ ಎಲ್ಲೋ ಒಂದು ದಿನ ಬಂದು ಹೋಗುತ್ತದೆ.

ನನ್ನ ತಕರಾರಿನ ತಿರುಳು ಇಲ್ಲಿದೆ. ದೇಹದ ಫೋಟೊ ಸುದ್ದಿಯನ್ನು ಹೇಳುವುದಿಲ್ಲ, ಸುದ್ದಿಯ ಮುಂದೆ ಅಡ್ಡ ನಿಲ್ಲುತ್ತದೆ. ಅದನ್ನು ನೋಡಿದವರು "ಅಯ್ಯೋ ಪಾಪ, ವಿಧಿ" ಅನ್ನುತ್ತಾರೆ. ಗೋಡೆ ಇಲ್ಲದ ಏರಿಯನ್ನು ನೋಡಿದರೆ "ಇದನ್ನು ಯಾರು ಕಟ್ಟಬೇಕಿತ್ತು? ಟೆಂಡರ್ ಏನಾಯ್ತು?" ಅನ್ನುತ್ತಾರೆ. ಮೊದಲನೆಯದರಿಂದ ಯಾವ ಎಂಜಿನಿಯರ್‌ಗೂ ನೀರಾವರಿ ನಿಗಮಕ್ಕೂ ಬಿಸಿ ತಟ್ಟುವುದಿಲ್ಲ. ಬಸ್ಸಿಗೆ ಎಫ್‌ಸಿ (ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಇತ್ತಾ, ಡ್ರೈವರ್ ಎಷ್ಟು ಗಂಟೆಯಿಂದ ಓಡಿಸುತ್ತಿದ್ದ, ಆ ತಿರುವಿನಲ್ಲಿ ಹಿಂದೆ ಎಷ್ಟು ಸಲ ಹೀಗಾಗಿತ್ತು, ಇವೆಲ್ಲ ಓಡಾಡಿ ತರಬೇಕಾದ ಸುದ್ದಿ. ದೇಹದ ಫೋಟೊ ಬಿಟ್ಟಿಯಾಗಿ ಸಿಗುತ್ತದೆ. ಬಿಟ್ಟಿ ಸಿಗುವುದು ಮುಖಪುಟಕ್ಕೆ ಹೋದಾಗ ಓಡಾಡಿ ತಂದದ್ದು ಕಸದ ಬುಟ್ಟಿಗೆ ಹೋಗುತ್ತದೆ.

ಇನ್ನೊಂದು ವಿಷಯವನ್ನೂ ಹೇಳದೆ ಇರಲಾಗುವುದಿಲ್ಲ. ಹೀಗೆ ಬಯಲಿಗೆ ಬೀಳುವ ದೇಹಗಳು ಯಾರವು? ಲಗೇಜ್ ಆಟೊದಲ್ಲಿ ತುಂಬಿಸಿಕೊಂಡು ಹೋದ ಕೂಲಿ ಹೆಂಗಸರು, ಕಬ್ಬು ಕಡಿಯಲು ಬೇರೆ ಕಡೆಯಿಂದ ಬಂದವರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಯರು. ದೊಡ್ಡ ಮನೆಯವರಿಗೆ ಅಪಘಾತವಾದರೆ ಅರ್ಧ ಗಂಟೆಯಲ್ಲಿ ಫೋನ್‌ಗಳು ಓಡಾಡುತ್ತವೆ, ಬಟ್ಟೆ ಮುಚ್ಚುತ್ತದೆ, ಆಸ್ಪತ್ರೆಯ ಗೇಟು ಹಾಕಿಕೊಳ್ಳುತ್ತದೆ. ಬಡವರ ದೇಹಕ್ಕೆ ಗೇಟಿಲ್ಲ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಬದುಕುಳಿಯಲು ಹೋರಾಡುತ್ತಿದ್ದವರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದರು. ಹಾಸಿಗೆ ಮೇಲೆ ಮೂಗಿಗೆ ಪೈಪ್ ಹಾಕಿಕೊಂಡು ಮಲಗಿದ್ದವರ ಮುಖವೂ ಟಿವಿಗೆ ಬಂತು. ಅವರು ಸತ್ತಿರಲಿಲ್ಲ. ಬೇಡ ಅನ್ನುವ ಶಕ್ತಿ ಇರಲಿಲ್ಲ, ಅಷ್ಟೇ.

ಕಾನೂನು ಏನು ಹೇಳುತ್ತದೆ? ಒಂದು ಕಡೆ ಬಹಳ ಗಟ್ಟಿ. ಇನ್ನೊಂದು ಕಡೆ ಬರೀ ಖಾಲಿ.

ಲೈಂಗಿಕ ಅಪರಾಧದಲ್ಲಿ ಗಟ್ಟಿ. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಹಿಂದೆ ಐಪಿಸಿ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್: ಹೆಸರು, ಫೋಟೊ, ವಿಳಾಸ ಮಾತ್ರವಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಹೇಳುವಂತಿಲ್ಲ. ಸಂತ್ರಸ್ತೆ ಸತ್ತಿದ್ದರೂ ಈ ರಕ್ಷಣೆ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿತು. ಅದೇ ವರ್ಷ ಜಮ್ಮುವಿನ ಕಠುವಾ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಮಗುವಿನ ಹೆಸರು, ಫೋಟೊ ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು. ಕಾನೂನು ಗಟ್ಟಿ ಇದ್ದರೆ ಡೆಸ್ಕೂ ಹುಷಾರಾಗಿರುತ್ತದೆ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಸಾಮೂಹಿಕ ಅತ್ಯಾಚಾರ ನಡೆದಾಗ ರಾಜ್ಯವೆಲ್ಲ ಅದೇ ಸುದ್ದಿ. ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋದರು ಎಂಬ ಅಸಹ್ಯದ ಚರ್ಚೆಗಳೂ ನಡೆದವು. ಆದರೂ ಆ ವಿದ್ಯಾರ್ಥಿನಿಯ ಮುಖವನ್ನು ಪತ್ರಿಕೆಗಳು ಅಚ್ಚು ಹಾಕಲಿಲ್ಲ. ಬೇಕೆಂದರೆ ತಡೆದುಕೊಳ್ಳಬಹುದು ಅನ್ನುವುದಕ್ಕೆ ಇದು ಸಾಕಲ್ವಾ?

ಅದೇ ಹೆಣ್ಣುಮಗಳು ಬಸ್ಸಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದರೆ? ಇಂಥ ಒಂದು ಸೆಕ್ಷನ್ನೂ ಅವಳ ನೆರವಿಗೆ ಬರುವುದಿಲ್ಲ. ಘನತೆಯ ಹಕ್ಕು ಸತ್ತವರಿಗೂ ಇದೆ ಅಂತ ಸುಪ್ರೀಂ ಕೋರ್ಟ್ 1995ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಆದರೆ ಖಾಸಗಿತನದ ಮಾತು ಬಂದಾಗ ಹೈಕೋರ್ಟ್‌ಗಳು ಅದು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ಮನೆಯವರಿಗೆ ಆಸ್ತಿಯ ಥರ ಬರುವುದಿಲ್ಲ ಅಂದಿವೆ. ಹಾಗಾಗಿ ಅಪಘಾತದಲ್ಲಿ ಸತ್ತವನ ಫೋಟೊ ವಿಷಯದಲ್ಲಿ ಅವನ ಅಪ್ಪ ಯಾವ ಹಕ್ಕು ಹಿಡಿದು ಕೋರ್ಟಿಗೆ ಹೋಗಬೇಕು ಅನ್ನುವುದೇ ಗೋಜಲು.

ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸಂಹಿತೆಯೂ ಇಲ್ಲಿ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ದುಃಖದ ಗಳಿಗೆಯಲ್ಲಿ ಕ್ಯಾಮೆರಾ ಹಿಡಿದು ನುಗ್ಗಬೇಡಿ ಅನ್ನುತ್ತದೆ. ಮರುವಾಕ್ಯದಲ್ಲೇ, ಅಪಘಾತ ಅಥವಾ ಪ್ರಕೃತಿ ವಿಕೋಪಕ್ಕೆ ಸಿಕ್ಕವರ ಫೋಟೊ ವಿಶಾಲ ಸಾರ್ವಜನಿಕ ಹಿತಕ್ಕೆ ಇರಬಹುದು ಅನ್ನುತ್ತದೆ. ಯಾವ ಹಿತ, ಅದನ್ನು ಯಾರು ತೂಗಬೇಕು ಅಂತ ಹೇಳುವುದಿಲ್ಲ. ಆ ಎರಡನೇ ವಾಕ್ಯದ ಕಿಂಡಿಯಲ್ಲಿ ಏನು ಬೇಕಾದರೂ ತೂರಿಸಬಹುದು. ಆತ್ಮಹತ್ಯೆಯ ವಿಷಯದಲ್ಲಿ ಮಂಡಳಿ ಇಷ್ಟು ಸಡಿಲವಾಗಿಲ್ಲ. 2019ರ ಮಾರ್ಗಸೂಚಿಯಲ್ಲಿ ಫೋಟೊ, ವಿಡಿಯೊ ಬೇಡವೇ ಬೇಡ ಅಂದಿದೆ. ನೋಡಿದವರು ಅನುಕರಿಸುವ ಅಪಾಯ ಇದಕ್ಕೆ ಕಾರಣ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಒಂದರ ಹಿಂದೆ ಒಂದು ಬಂದದ್ದನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಈ ಕುಂಟುತನ ಚೆನ್ನಾಗಿ ಕಂಡದ್ದು 2024ರಲ್ಲಿ. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಆರೋಪಿ. ಜೂನ್ 11ರಂದು ಪೊಲೀಸರು ಅವರನ್ನು ಬಂಧಿಸಿದ್ದು ಮೈಸೂರಿನಲ್ಲೇ. ಸೆಪ್ಟೆಂಬರ್‌ನಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾದ ಬೆನ್ನಿಗೇ ಆ ಯುವಕ ಸಾಯುವ ಮೊದಲು ಅಂಗಲಾಚುತ್ತಿರುವ ಫೋಟೊ ಎಲ್ಲ ಕಡೆ ಬಂತು. ಅಪ್ಪ ಅಮ್ಮ, ಗರ್ಭಿಣಿಯಾಗಿದ್ದ ಹೆಂಡತಿ, ಎಲ್ಲರೂ ಇರುವ ಮನೆಯ ಟಿವಿಯಲ್ಲೂ ಅದೇ ಬಂದಿರಬೇಕು. ಚಾರ್ಜ್‌ಶೀಟಿನ ಗೋಪ್ಯ ವಿವರಗಳನ್ನು ಪ್ರಸಾರ ಮಾಡಬಾರದು ಅಂತ ಹೈಕೋರ್ಟ್ ತಡೆ ಕೊಟ್ಟಿತು, ನಿಜ. ಆದರೆ ಕೊಟ್ಟದ್ದು ಯಾರ ಅರ್ಜಿಯ ಮೇಲೆ? ಆರೋಪಿಯ ಅರ್ಜಿಯ ಮೇಲೆ. ಅವರ ವಿಚಾರಣೆ ನ್ಯಾಯವಾಗಿ ನಡೆಯಬೇಕು ಎಂಬುದು ಸರಿಯಾದ ಮಾತೇ. ಆದರೆ ಕೊಲೆಯಾದವನ ಮಾನಕ್ಕೆ ಅಂತ ಬಂದ ತಡೆ ಅದಲ್ಲ. ಅವನಿಗೆ ಸಿಕ್ಕಿದ ಅಷ್ಟಿಷ್ಟು ರಕ್ಷಣೆಯೂ ಆರೋಪಿಯ ಹಕ್ಕಿನ ನೆರಳಲ್ಲಿ ಸಿಕ್ಕಿದ್ದು.

ಹಾಗಾದರೆ ಒಂದು ಫೋಟೊವನ್ನೂ ಹಾಕಬಾರದಾ? ನಾನು ಹಾಗೆ ಹೇಳುವವನಲ್ಲ. ಲಾಕಪ್ಪಿನಲ್ಲಿ ಸತ್ತವನ ಬೆನ್ನಿನ ಬಾಸುಂಡೆ ಕಾಣದಿದ್ದರೆ "ಹೃದಯಾಘಾತ" ಎಂಬ ಒಂದೇ ಪದದಲ್ಲಿ ಫೈಲ್ ಮುಚ್ಚುತ್ತದೆ. ದಲಿತರ ಮೇಲೆ ಹಲ್ಲೆಯಾದಾಗ ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮನೆಯವರೇ ಫೋಟೊ ಹಿಡಿದು ಡಿಸಿ ಕಚೇರಿ ಮುಂದೆ ಕೂರುತ್ತಾರೆ. ಆ ಫೋಟೊವನ್ನು ಪತ್ರಿಕೆ ಹಾಕದೆ ಇರುವುದೇ ತಪ್ಪು. 1984ರ ಭೋಪಾಲ್ ಅನಿಲ ದುರಂತ ಜಗತ್ತಿಗೆ ನಾಟಿದ್ದು ಮಣ್ಣಲ್ಲಿ ಹೂಳುತ್ತಿದ್ದ ಮಗುವಿನ ಮುಖದಿಂದ. ನಮ್ಮ ಪಕ್ಕದ ಕಾಸರಗೋಡಿನ ಗೇರು ತೋಟಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿ ಆದ ಅನಾಹುತವನ್ನು ಪತ್ರಕರ್ತ ಶ್ರೀ ಪಡ್ರೆ ಅಂಥವರು ಬರೆದರು. ಆ ಮಕ್ಕಳ ಫೋಟೊಗಳು ಹೊರಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. ನೋಡಲು ಕಷ್ಟವಾಗುವ ಚಿತ್ರಗಳೇ ಅವು. ಆದರೆ ಅವು ಕಾರಣದ ಕಡೆ ಬೆರಳು ತೋರಿಸುತ್ತಿದ್ದವು. ಮನೆಯ ಅಮ್ಮಂದಿರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತೆಗೆಸಿದ ಫೋಟೊಗಳು ಅದರಲ್ಲಿ ಎಷ್ಟೋ.

ಇನ್ನೂ ಸಣ್ಣದೊಂದು ಉದಾಹರಣೆ ಎಲ್ಲ ಸ್ಥಳೀಯ ಪತ್ರಿಕೆಗಳಲ್ಲೂ ಸಿಗುತ್ತದೆ. ಒಳಪುಟದ ಮೂಲೆಯಲ್ಲಿ "ಅಪರಿಚಿತ ಶವ ಪತ್ತೆ." ಸುಮಾರು 45 ವರ್ಷ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಬಿಳಿ ಶರ್ಟು, ನೀಲಿ ಲುಂಗಿ, ಬಲಗೈಯಲ್ಲಿ ಹಚ್ಚೆ. ಜೊತೆಗೆ ಮುಖದ ಒಂದು ಫೋಟೊ. ವಾರಸುದಾರರಿದ್ದರೆ ಠಾಣೆಗೆ ಬನ್ನಿ ಅಂತ ಒಂದು ಸಾಲು. ಶವದ ಫೋಟೊವೇ ಅದು. ಆದರೆ ಅದನ್ನು ನೋಡಿ ಯಾರಿಗೂ ಅಸಹ್ಯ ಆಗುವುದಿಲ್ಲ. ಮುಖ ಒರೆಸಿ, ಕತ್ತಿನವರೆಗೆ ಬಟ್ಟೆ ಹೊದಿಸಿ ತೆಗೆದಿರುತ್ತಾರೆ. ಸತ್ತವನ ಪರವಾಗಿ ಅದು ಒಂದು ಕೆಲಸ ಮಾಡುತ್ತಿದೆ, ಅವನ ಮನೆಯನ್ನು ಹುಡುಕುತ್ತಿದೆ. ಡೆಸ್ಕಿನಲ್ಲಿ ಕೂತವರು ಯಾವುದೇ ಫೋಟೊ ಎದುರಿಗೆ ಬಂದಾಗ ಇದೇ ಪ್ರಶ್ನೆ ಕೇಳಿಕೊಳ್ಳಬಹುದು. ಇದು ಸತ್ತವನಿಗಾಗಿ ಏನಾದರೂ ಕೇಳುತ್ತಿದೆಯಾ, ಇಲ್ಲ ಅವನನ್ನು ಸುಮ್ನೆ ತೋರಿಸುತ್ತಿದೆಯಾ?

ಅನ್ಯಾಯವಾಯಿತು ಅನ್ನಿಸಿದ ಮನೆಯವರಿಗೆ ದಾರಿ ಏನಿದೆ ಅಂತ ನೋಡಿದರೆ ನಿಟ್ಟುಸಿರೇ ಬರುತ್ತದೆ. ಪತ್ರಿಕೆಯ ಮೇಲೆ ದೂರು ಇದ್ದರೆ ಮೊದಲು ಸಂಪಾದಕರಿಗೆ ಬರೆಯಬೇಕು. ಉತ್ತರ ಸರಿಯಿಲ್ಲದಿದ್ದರೆ ದೆಹಲಿಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳ ಒಳಗೆ ಹೋಗಬೇಕು. ತಿಥಿ ಕಳೆದು, ಪರಿಹಾರದ ಅರ್ಜಿಗೆ ತಾಲ್ಲೂಕು ಆಫೀಸು ಅಲೆದು, ಪೋಸ್ಟ್‌ಮಾರ್ಟಮ್ ವರದಿ ಕೈಗೆ ಬರುವ ಹೊತ್ತಿಗೆ ಆ ಎರಡು ತಿಂಗಳು ಎಲ್ಲಿ ಹೋದವೋ ಗೊತ್ತಾಗುವುದಿಲ್ಲ. ಗೆದ್ದರೂ ಮಂಡಳಿಯ ಕೈಯಲ್ಲಿರುವುದು ಎಚ್ಚರಿಕೆ, ಛೀಮಾರಿ. ದಂಡ ಹಾಕುವ ಅಧಿಕಾರ 1978ರ ಕಾಯ್ದೆ ಅದಕ್ಕೆ ಕೊಟ್ಟಿಲ್ಲ. ಟಿವಿಗೆ 2021ರಿಂದ ಮೂರು ಹಂತದ ದೂರಿನ ವ್ಯವಸ್ಥೆ ಇದೆ, ಚಾನೆಲ್ 15 ದಿನದಲ್ಲಿ ಉತ್ತರ ಕೊಡಬೇಕು. ಡಿಜಿಟಲ್ ಸುದ್ದಿಗೂ ಅದೇ ವರ್ಷ ನಿಯಮ ಬಂತು. ಅದರ ಮುಖ್ಯ ಭಾಗಕ್ಕೆ ಅದೇ ವರ್ಷ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಸರ್ಕಾರ ಸುದ್ದಿಯನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ. ಆ ಭಯಕ್ಕೇ ನಾನೂ ಹೊಸ ಕಾನೂನಿಗಾಗಿ ಬೊಬ್ಬೆ ಹಾಕುವುದಿಲ್ಲ. ಇವತ್ತು ಅಪಘಾತದ ಫೋಟೊ ಬೇಡ ಅನ್ನುವ ಕಾನೂನು ಬಂದರೆ ನಾಳೆ ಲಾಕಪ್ ಸಾವಿನ ಫೋಟೊವನ್ನೂ ಅದರಲ್ಲೇ ತಡೆಯುತ್ತಾರೆ.

ಹಾಗಾಗಿ ಆಗಬೇಕಾದ್ದು ಕೆಳಗಿನಿಂದಲೇ, ಜಿಲ್ಲೆಯೊಳಗೇ. ಮೈಸೂರಿಗೆ ಸ್ಥಳೀಯ ಪತ್ರಿಕೆಗಳ ದೊಡ್ಡ ಪರಂಪರೆ ಇದೆ. ರಾಜಶೇಖರ ಕೋಟಿ 1972ರಲ್ಲಿ ಶುರು ಮಾಡಿದ 'ಆಂದೋಲನ' ಇವತ್ತೂ ಬರುತ್ತಿದೆ, 'ಮೈಸೂರು ಮಿತ್ರ' ಇದೆ. ಬೆಂಗಳೂರಿನ ಡೆಸ್ಕಿಗೆ ಸತ್ತವನು ಒಂದು ವಿಷುವಲ್. ಸ್ಥಳೀಯ ಪತ್ರಿಕೆಗೆ ಹಾಗಲ್ಲ, ಅವನ ಮನೆಯವರು ನಾಳೆ ಬೆಳಗ್ಗೆ ಅದೇ ಪತ್ರಿಕೆಯನ್ನು ಅದೇ ಅಂಗಡಿಯಲ್ಲಿ ಕೊಳ್ಳುವವರು. ಗಾಯದ ಫೋಟೊ ಹಾಕುವುದಿಲ್ಲ, ಮನೆಯವರಿಗೆ ವಿಷಯ ಮುಟ್ಟುವವರೆಗೆ ಹೆಸರು ಹಾಕುವುದಿಲ್ಲ, ಬದುಕಿದ್ದಾಗಿನ ಫೋಟೊವನ್ನೂ ಕೇಳಿಯೇ ಹಾಕುತ್ತೇವೆ ಅಂತ ಮಂಡ್ಯ, ಮೈಸೂರಿನ ಪತ್ರಕರ್ತರ ಸಂಘಗಳು ಒಂದು ಮೀಟಿಂಗಿನಲ್ಲಿ ಒಪ್ಪಿಕೊಳ್ಳಬಹುದು. ಎಲ್ಲರೂ ಒಟ್ಟಿಗೆ ಒಪ್ಪಿದರೆ "ಅವರ ಹತ್ರ ಬಂತು, ನಿಮ್ಮ ಹತ್ರ ಇಲ್ಲ" ಎಂಬ ಡೆಸ್ಕಿನ ಫೋನಿಗೂ ಸ್ಟ್ರಿಂಗರ್ ಬಳಿ ಒಂದು ಉತ್ತರ ಇರುತ್ತದೆ.

ಪೊಲೀಸರ ಪಾಲಿನದ್ದು ಬೇರೆ ಇದೆ. ಎಷ್ಟೋ ಕೊಲೆಗಳ ಫೋಟೊ ದಾರಿಹೋಕರು ತೆಗೆದದ್ದಲ್ಲ. ಮಹಜರಿಗೆ ಅಂತ ತೆಗೆದದ್ದು. ಕೋಣೆಯೊಳಗೆ, ಟೇಪ್ ಕಟ್ಟಿದ ಮೇಲೆ, ಫ್ಲಾಶ್ ಹಾಕಿ ತೆಗೆದ ಚಿತ್ರ ಟಿವಿಗೆ ಬಂದರೆ ಅದು ಹೊರಬಿದ್ದ ಬಾಗಿಲು ಯಾವುದು ಅಂತ ಚಿಕ್ಕ ಮಗುವೂ ಹೇಳುತ್ತದೆ. ಶವಾಗಾರದ ಒಳಗಿನದ್ದೂ ಹಾಗೇ. ಸ್ಥಳದ ಫೋಟೊಗಳು ಯಾರ ಮೊಬೈಲಿನಲ್ಲಿ ಇದ್ದವು, ಯಾರಿಗೆ ಹೋದವು ಅಂತ ಲೆಕ್ಕ ಇಡುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಎಸ್ಪಿಯ ಒಂದು ಸುತ್ತೋಲೆ ಸಾಕು. ಸ್ವಂತ ಮೊಬೈಲಿನಲ್ಲಿ ತೆಗೆಯಬೇಡಿ, ಠಾಣೆಯ ಕ್ಯಾಮೆರಾದಲ್ಲೇ ತೆಗೆಯಿರಿ ಅಂದರೆ ಅರ್ಧ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧಕ್ಕೆ, 112ರ ಜೀಪಿನಲ್ಲಿ ಲಾಠಿ, ಬ್ಯಾರಿಕೇಡ್ ಟೇಪಿನ ಜೊತೆ ನಾಲ್ಕು ದೊಡ್ಡ ಬಿಳಿ ಪಂಚೆ ಇಟ್ಟುಕೊಂಡಿರಲಿ. ಈಗ ಹೆದ್ದಾರಿಯಲ್ಲಿ ಆ ಪಂಚೆಯನ್ನು ತರುವುದು ಹತ್ತಿರದ ಟೀ ಅಂಗಡಿಯವರು. ಸಿಗದಿದ್ದರೆ ಬಾಳೆ ಎಲೆ, ಇಲ್ಲವೇ ಯಾವುದೋ ಲೀಡರ್ ಹುಟ್ಟುಹಬ್ಬದ ಹಳೇ ಫ್ಲೆಕ್ಸ್.